ಜಠರದ ಅರ್ಬುದಕ್ಕೆ ಮೂತ್ರದ ಸಾಕ್ಷ್ಯ

ಅರಭಾವಿಯ ಸುತ್ತಣ ಕಬ್ಬಿನ ಹೊಲಗಳಲ್ಲಿ ದುಡಿದು ಬಂದವನು, ಬಿಳಿಜೋಳದ ರೊಟ್ಟಿಗೆ ಕೆಂಪುಖಾರ ಹಚ್ಚಿಕೊಂಡು ಉಂಡ ಬಳಿಕ ಎದೆಯುರಿದರೆ, ‘ಪಿತ್ತ ಆಗೇತಿ’ ಎಂದು ಸೋಡಾ ಕುಡಿದು ಮಲಗುವನೇ ಹೊರತು ಜಠರದಲ್ಲಿ ಅರ್ಬುದವಿರಬಹುದೆಂಬ ಶಂಕೆಯನ್ನು ಮನಸ್ಸಿಗೆ ತಂದುಕೊಳ್ಳನು. ಬಹುಮಟ್ಟಿಗೆ ಅವನ ಎಣಿಕೆಯೇ ನಿಜವೂ ಆಗಿರುತ್ತದೆ. ಆದರೆ ಜಠರದ ಕ್ಯಾನ್ಸರು ಮೊದಮೊದಲು ಇಂತಹ ಅಜೀರ್ಣದ ವೇಷದಲ್ಲಿಯೇ, ಎಷ್ಟೋ ವೇಳೆ ಅದೂ ಇಲ್ಲದೆ, ಬೆಳೆಯುತ್ತದೆ. ಅದನ್ನು ಗುರುತಿಸಲು ಗಂಟಲಿನ ಮೂಲಕ ನಳಿಕೆಯನ್ನಿಳಿಸಿ ನೋಡುವ ಎಂಡೋಸ್ಕೋಪಿಯೇ ಪ್ರಮಾಣ. ಈ ಕಡೆಯವರು ಅದನ್ನು ‘ದುರ್ಬೀನು ಹಾಕಿ ನೋಡೂದು’ ಎನ್ನುವರು. ಆ ಮಾತು ಕಿವಿಗೆ ಬಿದ್ದೊಡನೆ ‘ಮುಂದಿನ ವಾರ ಬರ್ತೀನ್ರಿ’ ಎಂದು ಎದ್ದುಹೋಗುವವರೂ ಉಂಟು.

ಡಬ್ಬಿಯಲ್ಲಿ ಹಿಡಿದುಕೊಟ್ಟ ಮೂತ್ರದಿಂದಲೇ ಸುಳಿವು ಸಿಗುವಂತಿದ್ದರೆ ಎಂಬ ಆಸೆ ಹುಟ್ಟುವುದು ಇಂತಹ ಅಳುಕಿನಿಂದಲೇ. ಮೂತ್ರವನ್ನು ನೋಡಿ ರೋಗವನ್ನು ಹೇಳುವುದು ನಮಗೇನೂ ಹೊಸತಲ್ಲ. ಅದರ ಮೇಲೆ ಎಣ್ಣೆಯ ಹನಿಯನ್ನು ಬಿಟ್ಟು, ಅದು ಹರಡುವ ಬಗೆಯಿಂದ ರೋಗದ ಸಾಧ್ಯಾಸಾಧ್ಯತೆಯನ್ನು ನಿರ್ಣಯಿಸುವ ತೈಲಬಿಂದು ಪರೀಕ್ಷೆಯನ್ನು ‘ಯೋಗರತ್ನಾಕರ’ವೆಂಬ ಆಯುರ್ವೇದ ಗ್ರಂಥವು ವಿವರಿಸುತ್ತದೆ. ಇಂದಿನ ಪರೀಕ್ಷಕನು ಹನಿಯ ಆಕಾರವನ್ನಲ್ಲ, ಮೂತ್ರದೊಳಗಣ ಅಣುಗಳನ್ನು ಅರಸುತ್ತಾನೆ. ರಕ್ತದಲ್ಲಿ ಬೆರೆತ ಸಣ್ಣ ಪ್ರೋಟೀನುಗಳು ಮೂತ್ರಪಿಂಡದ ಜಾಲರಿಯನ್ನು ದಾಟಿ ಮೂತ್ರಕ್ಕಿಳಿಯಬಲ್ಲವು. ಜಪಾನಿನ ನಗೋಯಾ ನಗರ ವಿಶ್ವವಿದ್ಯಾಲಯದ ಸಂಶೋಧಕರು, ಜಠರದ ಒಳಪೊರೆಯನ್ನು ಕಾಯುವ ಟಿಎಫ್‌ಎಫ್1 ಹಾಗೂ ಪ್ರೋಟೀನುಗಳನ್ನು ಸೀಳಬಲ್ಲ ಎಡಿಎಎಂ12 ಎಂಬೆರಡು ಪದಾರ್ಥಗಳು ರೋಗಿಗಳ ಮೂತ್ರದಲ್ಲಿ ಹೆಚ್ಚಾಗಿರುವುದನ್ನು 2020ರಲ್ಲಿ ಪ್ರಕಟಿಸಿದರು.

ಇನ್ನೊಂದು ಮಾರ್ಗವು ರೋಗವನ್ನಲ್ಲ, ಅದರ ಬೀಜವನ್ನು ಹುಡುಕುವುದು. ಹೆಲಿಕೋಬ್ಯಾಕ್ಟರ್ ಪೈಲೋರಿ ಎಂಬ ಸುರುಳಿಯಾಕಾರದ ಸೂಕ್ಷ್ಮಜೀವಿ ಜಠರದಲ್ಲಿ ಉರಿಯೂತವನ್ನುಂಟುಮಾಡುವುದೆಂದು ತೋರಿಸಲು ಆಸ್ಟ್ರೇಲಿಯಾದ ಬ್ಯಾರಿ ಮಾರ್ಷಲ್ 1984ರಲ್ಲಿ ಅದನ್ನು ತಾನೇ ಕುಡಿದನು. ಈ ದುಸ್ಸಾಹಸಿಗೂ ಸಹೋದ್ಯೋಗಿ ರಾಬಿನ್ ವಾರನ್‌ಗೂ 2005ರಲ್ಲಿ ನೊಬೆಲ್ ಪಾರಿತೋಷಕ ಸಂದಿತು. 1994ರಲ್ಲಿಯೇ ವಿಶ್ವ ಆರೋಗ್ಯ ಸಂಸ್ಥೆಯ ಕ್ಯಾನ್ಸರ್ ಸಂಶೋಧನಾ ಅಂಗವು ಈ ಜೀವಿಯನ್ನು ಅರ್ಬುದಕಾರಕಗಳ ಮೊದಲ ವರ್ಗಕ್ಕೆ ಸೇರಿಸಿತ್ತು. ಇದರ ವಿರುದ್ಧ ಶರೀರವು ನಿರ್ಮಿಸುವ ಪ್ರತಿಕಾಯಗಳನ್ನು ಮೂತ್ರದಲ್ಲಿ ಗುರುತಿಸುವ ಪರೀಕ್ಷೆ ಜಪಾನಿನಲ್ಲಿ ಬಳಕೆಯಲ್ಲಿದೆ. ಭಾರತದಲ್ಲಾದರೋ ಈ ಸೋಂಕು ಅತಿವ್ಯಾಪಕವಾಗಿದ್ದು, ಮಿಜೋರಾಮಿನಂತಹ ಪ್ರದೇಶಗಳನ್ನು ಬಿಟ್ಟರೆ ಜಠರದ ಕ್ಯಾನ್ಸರು ಆ ಪ್ರಮಾಣದಲ್ಲಿಲ್ಲ. ಆದುದರಿಂದ ಸೋಂಕಿದೆಯೆಂದು ಕೇಳಿದ ಮಾತ್ರಕ್ಕೆ ನಮ್ಮವರು ಎದೆಗುಂದಬೇಕಿಲ್ಲ.

ರೋಗವು ವಿರಳವಾದಷ್ಟೂ, ಎಲ್ಲರನ್ನೂ ಸೋಸಿ ನೋಡುವ ಜರಡಿಪರೀಕ್ಷೆ ಎಡವುವುದು ಹೆಚ್ಚು. ಊಹೆಗೊಂದು ಲೆಕ್ಕ ಹಿಡಿಯೋಣ: ಮೂಡಲಗಿ, ಹುಕ್ಕೇರಿ, ಗೋಕಾಕಗಳ 10,000 ಜನರಲ್ಲಿ ಐವರಿಗೆ ರೋಗವಿದ್ದು, ಪರೀಕ್ಷೆಯು ರೋಗಿಗಳಲ್ಲಿಯೂ ನಿರೋಗಿಗಳಲ್ಲಿಯೂ ನೂರಕ್ಕೆ ತೊಂಬತ್ತು ಪಾಲು ಸರಿಯಾಗಿ ಹೇಳುವುದೆನ್ನೋಣ. ನಾಲ್ವರೋ ಐವರೋ ಸಿಕ್ಕಿಬೀಳುವರು. ಜೊತೆಗೆ ಸುಮಾರು ಸಾವಿರ ಮಂದಿ ನಿರೋಗಿಗಳು ರೋಗಶಂಕಿತರಾಗಿ, ತಪ್ಪಿಸಿಕೊಳ್ಳಬಯಸಿದ ಅದೇ ದುರ್ಬೀನಿನ ಮುಂದೆ ಸಾಲುಗಟ್ಟುವರು. ಈ ರೋಗವು ಹೆಚ್ಚಾಗಿರುವ ದಕ್ಷಿಣ ಕೊರಿಯಾದಲ್ಲಿ ನಲವತ್ತು ದಾಟಿದವರಿಗೆ ಎರಡು ವರ್ಷಗಳಿಗೊಮ್ಮೆ ಜಠರ ತಪಾಸಣೆಯ ಏರ್ಪಾಡಿರುವುದೂ ನಮ್ಮಲ್ಲಿಲ್ಲದಿರುವುದೂ ಈ ಲೆಕ್ಕದಿಂದ ಅರ್ಥವಾಗುತ್ತದೆ.

ಕಾರಣವಿಲ್ಲದೆ ತೂಕವಿಳಿಯುತ್ತಿರುವವನು, ಮಲವು ಡಾಂಬರಿನಂತೆ ಕಪ್ಪಾದವನು, ನಾಲ್ಕು ತುತ್ತಿಗೇ ಹೊಟ್ಟೆ ತುಂಬಿತೆನ್ನುವವನು ಯಾವ ಮೂತ್ರಪರೀಕ್ಷೆಯ ದಾರಿಯನ್ನೂ ಕಾಯತಕ್ಕದ್ದಲ್ಲ. ಬೆಳಗಾವಿಗೋ ಹುಬ್ಬಳ್ಳಿಗೋ ಹೋಗಿ, ಹಿಂದಿನ ರಾತ್ರಿಯಿಂದ ಉಪವಾಸವಿದ್ದು, ಗಂಟಲನ್ನು ಮರಗಟ್ಟಿಸುವ ಔಷಧವನ್ನು ಸಿಂಪಡಿಸಿಕೊಂಡರೆ, ನೋಡುವ ಕೆಲಸ ಕೆಲವೇ ನಿಮಿಷಗಳಲ್ಲಿ ಮುಗಿಯುತ್ತದೆ. ಸಂಶಯವಿದ್ದೆಡೆ ಅಕ್ಕಿಕಾಳಿಗಿಂತಲೂ ಚಿಕ್ಕದಾದ ಮಾಂಸದ ಚೂರುಗಳನ್ನು ಅದೇ ನಳಿಕೆಯ ಚಿಮಟದಿಂದ ಕಿತ್ತು ಪರೀಕ್ಷೆಗೆ ಕಳುಹುವರು.