ಮರಿ ಹುಟ್ಟಿದ ಮೊದಲ ವಾರ ಮತ್ತು ಮಟನ್ನಿನ ರುಚಿ

ಮುಂಬಯಿಯಲ್ಲಿ ಮಟನ್ ಎಂದರೆ ಹೆಚ್ಚುಕಡಿಮೆ ಮೇಕೆ ಮಾಂಸ ಎಂದೇ ಅರ್ಥ. ಡೊಂಬಿವಲಿಯಲ್ಲಾಗಲಿ ಕಲ್ಯಾಣದಲ್ಲಾಗಲಿ ಭಾನುವಾರ ಬೆಳಿಗ್ಗೆ ಸಾಲಿನಲ್ಲಿ ನಿಂತು ಒಂದು ಕಿಲೋ ತಂದರೆ ಅದು ಬಕ್ರಾ. ಕುರಿಯೇ ಬೇಕಾದರೆ ಬಾಯಿಬಿಟ್ಟು ಕೇಳಬೇಕು. ಪುಣೆಯ ಕಡೆ ಕುರಿ ಮಾಂಸಕ್ಕೆ 'ಬೋಲ್ಹಾಯಿ ಮಟನ್' ಎಂಬ ಹೆಸರೇ ಇದೆ. ವಾಡೆ ಬೋಲ್ಹಾಯಿ ಎಂಬಲ್ಲಿನ ದೇವಿಯ ಭಕ್ತರು ಮೇಕೆ ತಿನ್ನುವುದಿಲ್ಲ, ಕುರಿ ತಿನ್ನುತ್ತಾರೆ. ಅದರಿಂದ ಬಂದ ಹೆಸರು ಅದು. ಮಂಡ್ಯ-ಮೈಸೂರು ಕಡೆಯಿಂದ ಬಂದ ನಮ್ಮಂಥವರಿಗೆ ಮಾತ್ರ ಇಲ್ಲಿ ಎಷ್ಟು ವರ್ಷ ಕಳೆದರೂ ಬನ್ನೂರು ಕುರಿಯ ರುಚಿ ನಾಲಿಗೆಯಿಂದ ಹೋಗುವುದಿಲ್ಲ.

ಬನ್ನೂರು ಕುರಿ, ಬಂಡೂರು ಕುರಿ, ಮಂಡ್ಯ ತಳಿ, ಎಲ್ಲವೂ ಒಂದೇ. ಬಂಡೂರು ಇರುವುದು ಮಳವಳ್ಳಿ ತಾಲ್ಲೂಕಿನಲ್ಲಿ. ಬನ್ನೂರು ಪಕ್ಕದ ತಿ. ನರಸೀಪುರ ತಾಲ್ಲೂಕಿನದು. ಗಿಡ್ಡ ಕಾಲು, ದುಂಡು ಮೈ. ಹಿಂದಿನಿಂದ ನೋಡಿದರೆ ತಲೆಕೆಳಗಾದ 'ಯು' ಅಕ್ಷರದಂತೆ ಕಾಣುತ್ತದೆ. ಇದರ ಮಾಂಸಕ್ಕೆ ಹೆಸರು ಬಂದದ್ದು ಸ್ನಾಯುವಿನ ಎಳೆಗಳ ನಡುವೆ ಕೊಬ್ಬು ಸಣ್ಣ ಸಣ್ಣ ಗೆರೆಗಳಾಗಿ ಹರಡಿರುತ್ತದೆ ಎಂಬ ಕಾರಣಕ್ಕೆ. ಬೇಯುವಾಗ ಆ ಕೊಬ್ಬು ಕರಗಿ ತುಂಡು ಮೆತ್ತಗಾಗುತ್ತದೆ, ರುಚಿ ಒಳಗೇ ಉಳಿಯುತ್ತದೆ.

ಈ ವಿಷಯ ಈಗ ಎತ್ತಿಕೊಳ್ಳಲು ಕಾರಣವಿದೆ. ಐರೋಳಿ, ಮಹಾಪೆಯ ಕಂಪನಿಗಳಲ್ಲಿ ಕೂತು ಊರಿನಲ್ಲಿ ಕುರಿ ಶೆಡ್ ಹಾಕಿಸುವವರು ನಮ್ಮಲ್ಲಿ ಹಲವರಿದ್ದಾರೆ. ದುಡ್ಡು ಇಲ್ಲಿಂದ, ಮೇಯಿಸುವವರು ಅಲ್ಲಿ. ನಾನೂ ಅಂಥವನೇ, ಶೆಡ್ ನೋಡಿಕೊಳ್ಳುವುದು ನನ್ನ ಚಿಕ್ಕಪ್ಪ. ಹೋದ ತಿಂಗಳು ಫೋನಿನಲ್ಲಿ ಅವರು ಕೇಳಿದ್ದು ಇಷ್ಟು: "ಅಲ್ಲ ಕಣಪ್ಪಾ, ಮರಿ ಹುಟ್ಟಿದ ತಕ್ಷಣ ವಿಟಮಿನ್ ಸೂಜಿ ಚುಚ್ಚಿಸಿದ್ರೆ ಮಾಂಸ ಬನ್ನೂರು ಕುರಿ ಥರಾನೇ ಆಯ್ತದಂತೆ. ಅಂಗಡಿಯವನು ಹೇಳ್ತಾವ್ನೆ. ನಿಜವಾ?"

ಅಂಗಡಿಯವನ ಮಾತು ಪೂರ್ತಿ ಸುಳ್ಳಲ್ಲ. ಅದೇ ತೊಂದರೆ.

ಅವನು ಹೇಳುವುದರ ಹಿಂದೆ ಒಂದು ನಿಜವಾದ ಸಂಶೋಧನೆಯ ಸಾಲು ಇದೆ. ಅಮೆರಿಕದ ವಾಷಿಂಗ್ಟನ್ ಸ್ಟೇಟ್ ವಿಶ್ವವಿದ್ಯಾಲಯದಲ್ಲಿ ಮಿನ್ ದು ಎಂಬ ವಿಜ್ಞಾನಿಯ ತಂಡ ಆಂಗಸ್ ಕರುಗಳಿಗೆ ಹುಟ್ಟಿದಾಗ ಒಮ್ಮೆ, ಒಂದು ತಿಂಗಳಿಗೆ ಇನ್ನೊಮ್ಮೆ ವಿಟಮಿನ್ 'ಎ' ಚುಚ್ಚುಮದ್ದು ಕೊಟ್ಟಿತು. ಒಂದು ಗುಂಪಿಗೆ ಪ್ರತಿ ಸಲ 1,50,000 ಯೂನಿಟ್, ಇನ್ನೊಂದಕ್ಕೆ 3,00,000, ಮೂರನೆಯದಕ್ಕೆ ಏನೂ ಇಲ್ಲ. 2018ರಲ್ಲಿ ಪ್ರಕಟವಾದ ಆ ಅಧ್ಯಯನದ ಪ್ರಕಾರ ವಿಟಮಿನ್ ಪಡೆದ ಕರುಗಳ ಬೆಳವಣಿಗೆಯೂ ಸ್ನಾಯುವಿನೊಳಗಿನ ಕೊಬ್ಬೂ ಹೆಚ್ಚಿದವು. ನಂತರ ಕುರಿಮರಿಗಳ ಮೇಲೂ ಇಂಥ ಪ್ರಯೋಗ ನಡೆಯಿತು. ಹುಟ್ಟಿದಾಗ 'ಎ' ಪಡೆದ ಮರಿಗಳ ಸ್ನಾಯು ಚೆನ್ನಾಗಿ ಬೆಳೆದದ್ದು ಕಂಡುಬಂತು.

ಇದು ಹೇಗೆ ನಡೆಯುತ್ತದೆ? ಮರಿಯ ಸ್ನಾಯುವಿನಲ್ಲಿ ಎಷ್ಟು ಎಳೆಗಳಿರಬೇಕು ಎಂಬುದು ಬಹುಪಾಲು ತಾಯಿಯ ಹೊಟ್ಟೆಯಲ್ಲೇ ತೀರ್ಮಾನವಾಗಿರುತ್ತದೆ. ಹುಟ್ಟಿದ ಮೇಲೆ ಆ ಎಳೆಗಳು ದಪ್ಪವಾಗುತ್ತವೆ, ಅಷ್ಟೆ. ಕೊಬ್ಬಿನ ಲೆಕ್ಕ ಬೇರೆ. ಮೊದಲು ಮೂತ್ರಪಿಂಡದ ಸುತ್ತ, ಹೊಟ್ಟೆಯೊಳಗೆ, ಆಮೇಲೆ ಚರ್ಮದ ಕೆಳಗೆ, ಎಲ್ಲಕ್ಕೂ ಕೊನೆಗೆ ಸ್ನಾಯುವಿನ ಒಳಗೆ ಕೊಬ್ಬು ತುಂಬುತ್ತದೆ. ಆದರೆ ಕೊನೆಗೆ ತುಂಬುವ ಆ ಜೀವಕೋಶಗಳ ಬೀಜ ಬೀಳುವುದು ಎಳೆಯ ವಯಸ್ಸಿನಲ್ಲಿ. ವಿಟಮಿನ್ 'ಎ' ದೇಹದಲ್ಲಿ ರೆಟಿನೋಯಿಕ್ ಆಮ್ಲವಾಗಿ ಬದಲಾಗಿ ಸ್ನಾಯುವಿನಲ್ಲಿ ಸಣ್ಣ ರಕ್ತನಾಳಗಳು ಹೆಚ್ಚುವಂತೆ ಮಾಡುತ್ತದೆ. ಆ ನಾಳಗಳ ಗೋಡೆಯ ಪಕ್ಕದಲ್ಲೇ ಮುಂದೆ ಕೊಬ್ಬಿನ ಕೋಶಗಳಾಗಬಲ್ಲ ಮೂಲಕೋಶಗಳು ಹುಟ್ಟಿಕೊಳ್ಳುತ್ತವೆ. ಗೋಡೌನು ಮೊದಲು ಕಟ್ಟಿರಬೇಕು, ಸರಕು ಆಮೇಲೆ ಬರುತ್ತದೆ. ಗೋಡೌನೇ ಇಲ್ಲದ ಕುರಿಗೆ ಆರು ತಿಂಗಳಾದ ಮೇಲೆ ಎಷ್ಟು ಜೋಳ ತಿನ್ನಿಸಿದರೂ ಅದು ಹೊಟ್ಟೆಯ ಕೊಬ್ಬಾಗುತ್ತದೆ. ಕಟುಕ ಅದನ್ನು ಕಿತ್ತು ಪಕ್ಕಕ್ಕೆ ಎಸೆಯುತ್ತಾನೆ.

ಇನ್ನೊಂದು ವಿಚಿತ್ರವಿದೆ. ಇದೇ ವಿಟಮಿನ್ 'ಎ' ದೊಡ್ಡದಾದ ಮೇಲೆ ಉಲ್ಟಾ ಕೆಲಸ ಮಾಡುತ್ತದೆ. ಕೋಶಗಳಲ್ಲಿ ಕೊಬ್ಬು ತುಂಬುವುದನ್ನು ತಡೆಯುತ್ತದೆ. ಜಪಾನಿನ ವಾಗ್ಯು ದನ ಸಾಕುವವರು ಕೊಬ್ಬಿಸುವ ಹಂತದಲ್ಲಿ ಬೇಕೆಂದೇ ಮೇವಿನಲ್ಲಿ 'ಎ' ಕಡಿಮೆ ಮಾಡುತ್ತಾರೆ. ಅತಿಯಾದರೆ ದನದ ಕಣ್ಣೇ ಹೋಗುತ್ತದೆ, ಆದ್ದರಿಂದ ರಕ್ತ ಪರೀಕ್ಷಿಸುತ್ತಾ ನಡೆಸುವ ಕೆಲಸ ಅದು. ಇಷ್ಟು ತಿಳಿದರೆ ಸಂತೆಗೆ ಒಯ್ಯುವ ಎರಡು ತಿಂಗಳ ಮೊದಲು ಟಗರಿಗೆ ವಿಟಮಿನ್ ಟಾನಿಕ್ ಕುಡಿಸುವುದರಲ್ಲಿ ಅರ್ಥವಿಲ್ಲ ಎಂಬುದು ಗೊತ್ತಾಗುತ್ತದೆ. ನಮ್ಮ ಕಡೆ ಟಾನಿಕ್ ಹೆಚ್ಚು ಮಾರಾಟವಾಗುವುದು ಸರಿಯಾಗಿ ಆಗಲೇ, ಬಕ್ರೀದ್‌ಗೆ ಮುಂಚೆ!

ಹಾಗಾದರೆ ಮರಿ ಹುಟ್ಟಿದ ಕೂಡಲೇ ಸೂಜಿ ಚುಚ್ಚಿಸಿಬಿಡೋಣವೇ? ಅದಕ್ಕೆ ಮೊದಲು ಮರಿಗೆ ವಿಟಮಿನ್ 'ಎ' ಸಹಜವಾಗಿ ಎಲ್ಲಿಂದ ಬರುತ್ತದೆ ಎಂದು ನೋಡಬೇಕು. ತಾಯಿಯ ಹೊಟ್ಟೆಯಲ್ಲಿದ್ದಾಗ ಮಾಸುಚೀಲ ದಾಟಿ ಮರಿಗೆ ಬರುವುದು ತೀರಾ ಕಡಿಮೆ. ಎಲ್ಲಾ ಮರಿಗಳೂ ಹೆಚ್ಚುಕಡಿಮೆ ಖಾಲಿ ಖಾತೆಯೊಂದಿಗೇ ಹುಟ್ಟುತ್ತವೆ. ಮೊದಲ ಜಮೆ ಗಿಣ್ಣು ಹಾಲಿನಿಂದ. ರೋಗನಿರೋಧಕ ಶಕ್ತಿಗಾಗಿ ಗಿಣ್ಣು ಕುಡಿಸಬೇಕು ಎಂದು ಎಲ್ಲರಿಗೂ ಗೊತ್ತು. ವಿಟಮಿನ್ 'ಎ', 'ಇ' ಎರಡೂ ಅದರಲ್ಲೇ ಬರುತ್ತವೆ ಎಂಬುದು ಅಷ್ಟಾಗಿ ಗೊತ್ತಿಲ್ಲ. ಮರಿಯ ತೂಕದ ಒಂದು ಕಿಲೋಗೆ 50 ಮಿಲಿಯಂತೆ ಮೊದಲ ಒಂದೆರಡು ಗಂಟೆಯೊಳಗೆ, ಮೊದಲ ದಿನದಲ್ಲಿ ಒಟ್ಟು ಕಿಲೋಗೆ 200 ಮಿಲಿ. ಎರಡೂವರೆ ಕಿಲೋ ಮರಿಗೆ ದಿನಕ್ಕೆ ಅರ್ಧ ಲೀಟರ್ ಆಯಿತು. ಅವಳಿ ಮರಿ ಹಾಕಿದ ಕುರಿಯಲ್ಲಿ ಎರಡನೆಯದಕ್ಕೆ ಇಷ್ಟು ಸಿಗುವುದು ಕಷ್ಟ.

ಆ ಗಿಣ್ಣಿನಲ್ಲಿ 'ಎ' ಎಷ್ಟಿರುತ್ತದೆ ಎಂಬುದು ಗಬ್ಬದ ಕೊನೆಯ ತಿಂಗಳುಗಳಲ್ಲಿ ತಾಯಿ ಏನು ಮೇಯ್ದಿದೆ ಎಂಬುದರ ಮೇಲೆ ನಿಂತಿದೆ. ಹಸಿರು ಮೇವಿನಲ್ಲಿರುವ ಕ್ಯಾರೊಟಿನ್ ಅನ್ನು ಕುರಿ ತನ್ನ ಕರುಳಿನಲ್ಲೇ ವಿಟಮಿನ್ 'ಎ' ಮಾಡಿಕೊಳ್ಳುತ್ತದೆ. ಈ ಕೆಲಸದಲ್ಲಿ ಕುರಿ ಹಸುವಿಗಿಂತ ಚುರುಕು. ಅದಕ್ಕೇ ಹಸುವಿನ ಕೊಬ್ಬು, ತುಪ್ಪ ಹಳದಿ. ಕುರಿಯ ಕೊಬ್ಬು ಬಿಳಿ. ಆದರೆ ಬಿಸಿಲಿಗೆ ಒಣಗಿ, ಬಣವೆಯಲ್ಲಿ ತಿಂಗಳುಗಟ್ಟಲೆ ಕೂತ ರಾಗಿ ಹುಲ್ಲಿನಲ್ಲಿ, ಜೋಳದ ಸೊಪ್ಪೆಯಲ್ಲಿ ಕ್ಯಾರೊಟಿನ್ ಉಳಿದಿರುವುದಿಲ್ಲ. ಬೇಸಿಗೆಯಲ್ಲಿ ಒಣಮೇವು ಮತ್ತು ಮೂಟೆಯ ಹಿಂಡಿ ಮಾತ್ರ ತಿಂದ ಕುರಿಯ ಮರಿ ಎರಡು ಕಡೆಯಿಂದಲೂ ಸೋಲುತ್ತದೆ. ಅಂಥ ಶೆಡ್ಡಿನಲ್ಲಿ ವೈದ್ಯರು ನೋಡಿ ಕೊಡುವ ಚುಚ್ಚುಮದ್ದಿಗೆ ಬೆಲೆಯಿದೆ. ಗಬ್ಬದ ಕುರಿಗೆ ದಿನಾ ಒಂದು ಹಿಡಿ ನುಗ್ಗೆ ಸೊಪ್ಪು, ಅಗಸೆ, ಬೇಲಿಮೆಂತೆ ಬೀಳುವ ಕಡೆ ಅದೇ ಸೂಜಿಯಿಂದ ಹೆಚ್ಚೇನೂ ಸಿಗಲಾರದು ಎಂಬುದು ನನ್ನ ಅಂದಾಜು.

ಇದನ್ನು ಓದುವಾಗ ನನಗೆ ನೆನಪಾದದ್ದು ಧನಗರರು. ಮಳೆಗಾಲ ಮುಗಿದ ಮೇಲೆ ಅವರು ಪಶ್ಚಿಮ ಮಹಾರಾಷ್ಟ್ರದ ಒಣ ಬಯಲಿನಿಂದ ಘಟ್ಟ ಇಳಿದು ಕೊಂಕಣಕ್ಕೆ ಬರುತ್ತಾರೆ. ಪನ್ವೇಲ್ ದಾಟಿ ರಾಯಗಡದ ಒಳರಸ್ತೆಗಳಲ್ಲಿ ಹೋದರೆ ಕುದುರೆಯ ಬೆನ್ನ ಮೇಲೆ ಸಂಸಾರ ಹೇರಿಕೊಂಡು ದಖ್ಖನಿ ಕುರಿ ಹೊಡೆದುಕೊಂಡು ಹೋಗುವ ತಂಡಗಳು ಸಿಗುತ್ತವೆ. ಮೇವಿಗಾಗಿ, ಗದ್ದೆಯಲ್ಲಿ ಕುರಿ ತರುಬಿ ಗೊಬ್ಬರದ ಕಾಸು ಪಡೆಯಲು ಅವರು ಬರುವುದು. ಆ ನೆಪದಲ್ಲಿ ತಾಯಿ ಕುರಿಗಳಿಗೆ ಮರದ ಹಸಿ ಸೊಪ್ಪು ಸಿಗುತ್ತದೆ. ನಮ್ಮ ಹಾಲುಮತದವರೂ ಇದನ್ನೇ ಮಾಡಿಕೊಂಡು ಬಂದವರು. ಕುರಿಯನ್ನು ಶೆಡ್ಡಿನಲ್ಲಿ ಕಟ್ಟಿಹಾಕಿದ ನಾವು ಆ ಸೊಪ್ಪನ್ನು ಬೇರೆ ದಾರಿಯಿಂದ ತರಿಸಬೇಕಾಗಿದೆ.

ಉಳಿದ ವಿಟಮಿನ್‌ಗಳದ್ದು ಚಿಕ್ಕ ಕಥೆ. 'ಸಿ' ಕುರಿಯ ದೇಹವೇ ಮಾಡಿಕೊಳ್ಳುತ್ತದೆ, 'ಡಿ' ಬಿಸಿಲಿನಿಂದ. ಮೆಲುಕು ಹಾಕಲು ಕಲಿತ ಮರಿಗೆ 'ಬಿ' ಗುಂಪಿನವನ್ನು ಹೊಟ್ಟೆಯ ಸೂಕ್ಷ್ಮಜೀವಿಗಳೇ ತಯಾರಿಸಿಕೊಡುತ್ತವೆ. 'ಇ' ಮುಖ್ಯ, ಅದು ಮತ್ತು ಸೆಲೆನಿಯಂ ಕೊರತೆಯಾದರೆ ಮರಿಗಳ ಸ್ನಾಯು ಬಿಳಿಚಿಕೊಂಡು ನಿಲ್ಲಲಾಗದ ಸ್ಥಿತಿ ಬರುತ್ತದೆ. ವಿದೇಶಗಳಲ್ಲಿ ಕಡಿಯುವ ಮೊದಲಿನ ವಾರಗಳಲ್ಲಿ 'ಇ' ತಿನ್ನಿಸುವುದು ಇನ್ನೊಂದು ಉದ್ದೇಶಕ್ಕೆ: ಸೂಪರ್ ಮಾರ್ಕೆಟ್ಟಿನ ತಟ್ಟೆಯಲ್ಲಿ ಮಾಂಸ ಬೇಗ ಕಂದು ಬಣ್ಣಕ್ಕೆ ತಿರುಗಬಾರದು ಎಂದು. ಬೆಳಿಗ್ಗೆ ಕಡಿದದ್ದನ್ನು ಮಧ್ಯಾಹ್ನ ಸಾರು ಮಾಡುವ ನಮಗೆ ಆ ಖರ್ಚು ಯಾಕೆ?

ಎಚ್ಚರಿಕೆಯ ಮಾತೂ ಇದೆ. 'ಎ' ನೀರಿನಲ್ಲಿ ಕರಗಿ ಹೊರಹೋಗುವ ವಿಟಮಿನ್ ಅಲ್ಲ. ಹೆಚ್ಚಾದದ್ದು ಕಲೇಜಿಯಲ್ಲಿ ಕೂಡಿಕೊಳ್ಳುತ್ತದೆ, ಅತಿಯಾದರೆ ವಿಷ. ಬಸುರಿಯರು ಕಲೇಜಿ ತಿನ್ನಬಾರದೆಂದು ಬ್ರಿಟನ್ನಿನ ಆರೋಗ್ಯ ಇಲಾಖೆ ಹೇಳುವುದೂ ಇದೇ ಕಾರಣಕ್ಕೆ. ಕರುವಿನ ಲೆಕ್ಕದ ಸೂಜಿಯನ್ನು ಎರಡೂವರೆ ಕಿಲೋ ಮರಿಗೆ ಅಂದಾಜಿನಲ್ಲಿ ಹಾಕುವುದು ಅಪಾಯ. ಹಾಗೆಯೇ ಹಸುವಿಗೆಂದು ತಂದ ಖನಿಜ ಮಿಶ್ರಣವನ್ನು ಕುರಿಗೆ ಹಾಕಬೇಡಿ. ಅದರಲ್ಲಿರುವ ತಾಮ್ರ ಹಸುವಿಗೆ ಬೇಕು, ಕುರಿಗೆ ಅದೇ ಪ್ರಾಣಾಂತಕ.

ಇಷ್ಟೆಲ್ಲ ಮಾಡಿದರೆ ಹೆಚ್ಚು ಬೆಲೆ ಸಿಗುತ್ತದೆಯೇ ಎಂದರೆ, ಸಂತೆಯಲ್ಲಿ ಇಲ್ಲ. ಅಲ್ಲಿ ಕುರಿಯನ್ನು ಬೆನ್ನು ಹಿಡಿದು, ಕಣ್ಣಂದಾಜಿನಲ್ಲಿ ಕೊಳ್ಳುತ್ತಾರೆ. ಒಳಗಿನ ಕೊಬ್ಬಿನ ಗೆರೆ ನೋಡಿ ಯಾರೂ ದರ ಕಟ್ಟುವುದಿಲ್ಲ. ಬನ್ನೂರು ತಳಿಗೆ ಸಿಗುವುದು ಹೆಸರಿನ ಬೆಲೆ. ಬೇರೆ ತಳಿಯ ಮರಿಯನ್ನು ಒಂದು ಸೂಜಿ ಬನ್ನೂರು ಕುರಿಯಾಗಿಸುವುದೂ ಇಲ್ಲ. ಲಾಭ ಬರುವುದು ಬೇರೆ ಕಡೆಯಿಂದ: ಮೊದಲ ವಾರದಲ್ಲಿ ಸಾಯದೆ ಉಳಿದ ಮರಿಯಿಂದ, ಭೇದಿ, ಕೆಮ್ಮು ಇಲ್ಲದೆ ತೂಕ ಹಾಕಿದ ಮರಿಯಿಂದ.

ಚಿಕ್ಕಪ್ಪನಿಗೆ ನಾನು ಹೇಳಿದ್ದು, ಮೊದಲು ಪಶು ಆಸ್ಪತ್ರೆಯ ಡಾಕ್ಟರನ್ನು ಶೆಡ್ಡಿಗೆ ಕರೆಸಿ ಎಂದು. ಜೊತೆಗೆ ಸಂಜೆ ಕತ್ತಲಾಗುವ ಹೊತ್ತಿಗೆ ದೀಪ ಹಾಕದೆ ಕುರಿಗಳನ್ನು ಅಂಗಳದಲ್ಲಿ ಓಡಾಡಿಸಿ ನೋಡಲು ಹೇಳಿದೆ. ಇರುಳುಗಣ್ಣು ವಿಟಮಿನ್ 'ಎ' ಕೊರತೆಯ ಹಳೆಯ ಗುರುತು. ಮಸುಕು ಬೆಳಕಿನಲ್ಲಿ ಗೋದಲಿಗೆ, ಕಂಬಕ್ಕೆ ಎಡವುವ ಕುರಿಗಳಿದ್ದರೆ ಅದನ್ನು ಡಾಕ್ಟರಿಗೆ ಮರೆಯದೆ ಹೇಳಬೇಕು. ಮರುದಿನ ಫೋನ್ ಮಾಡಿದರು. ಎಡವಿದ್ದು ಎರಡು, ಎರಡೂ ಗಬ್ಬದ ಕುರಿಗಳು.