ಸಿಹಿ ಕೆಫಿರ್: ಒಂದು ಲೋಟದಲ್ಲಿ ಪೋಷಕಾಂಶವೆಷ್ಟು, ಸಕ್ಕರೆಯೆಷ್ಟು?

ಬೆಂಗಳೂರು: ಮೊಸರು, ಮಜ್ಜಿಗೆ, ಲಸ್ಸಿಗಳ ಸಾಲಿಗೆ ನಗರದ ದೊಡ್ಡ ಅಂಗಡಿಗಳಲ್ಲಿ ಈಗ ಕೆಫಿರ್ ಎಂಬ ಇನ್ನೊಂದು ಹೆಸರೂ ಸೇರಿಕೊಂಡಿದೆ. ಹೊಟ್ಟೆಗೆ ಹಿತ, ಜೀರ್ಣಕ್ರಿಯೆಗೆ ಸಹಕಾರಿ ಎಂಬ ಮಾತು ಕೇಳಿ ಅದನ್ನು ಕೊಳ್ಳುವವರಿದ್ದಾರೆ. ಸಾದಾ ಕೆಫಿರ್‌ನ ಹುಳಿ ಒಗ್ಗದವರು ಕೆನೆಭರಿತ ಹಾಲಿನಿಂದ ತಯಾರಿಸಿ, ಸಕ್ಕರೆ ಮತ್ತು ಹಣ್ಣಿನ ಸ್ವಾದ ಬೆರೆಸಿದ ಬಾಟಲಿಯತ್ತ ಕೈಚಾಚುತ್ತಾರೆ. ಆರೋಗ್ಯಕ್ಕೆಂದು ಕುಡಿಯುವ ಈ ಸಿಹಿ ಪೇಯದಿಂದ ದೇಹಕ್ಕೆ ದೊರೆಯುವುದೇನು?

ಈ ಪ್ರಶ್ನೆಯನ್ನು ಹಗುರವಾಗಿ ಪರಿಗಣಿಸುವಂತಿಲ್ಲ. 2023ರಲ್ಲಿ ಪ್ರಕಟವಾದ ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ (ಐಸಿಎಂಆರ್) ಬೆಂಬಲಿತ ಅಧ್ಯಯನದ ಅಂದಾಜಿನಂತೆ ದೇಶದಲ್ಲಿ 10.1 ಕೋಟಿ ಮಂದಿ ಮಧುಮೇಹಿಗಳಿದ್ದಾರೆ. ಇನ್ನೂ 13.6 ಕೋಟಿ ಮಂದಿ ಅದರ ಹೊಸ್ತಿಲಲ್ಲಿದ್ದಾರೆ. ಹೀಗಿರುವಾಗ ‘ಆರೋಗ್ಯಕರ’ ಎಂಬ ಹೆಸರಿನಲ್ಲಿ ಮನೆಗೆ ಬರುವ ಸಕ್ಕರೆಯ ಲೆಕ್ಕವನ್ನೂ ಇಡಬೇಕಾಗುತ್ತದೆ.

ಕೆಫಿರ್ ಎಂದರೇನು?

ಕೆಫಿರ್‌ನ ಮೂಲ ಕಪ್ಪು ಸಮುದ್ರ ಮತ್ತು ಕ್ಯಾಸ್ಪಿಯನ್ ಸಮುದ್ರಗಳ ನಡುವಿನ ಕಾಕಸಸ್ ಪರ್ವತ ಪ್ರದೇಶ. ಮೊಸರಿಗೆ ಹೆಪ್ಪು ಹಾಕುವಂತೆಯೇ ಇಲ್ಲಿಯೂ ಹಾಲಿಗೆ ಹೆಪ್ಪು ಬೇಕು. ಆದರೆ ಆ ಹೆಪ್ಪು ಹೂಕೋಸಿನ ಪುಟ್ಟ ಚೂರುಗಳಂತೆ ಕಾಣುವ, ಮೆತ್ತನೆಯ ಕಾಳುಗಳ ರೂಪದಲ್ಲಿರುತ್ತದೆ. ಲ್ಯಾಕ್ಟಿಕ್ ಆಮ್ಲ ಉತ್ಪಾದಿಸುವ ಬ್ಯಾಕ್ಟೀರಿಯಾಗಳು ಮತ್ತು ಯೀಸ್ಟ್‌ಗಳು ಅವುಗಳಲ್ಲಿ ಒಟ್ಟಾಗಿ ನೆಲೆಸಿರುತ್ತವೆ. ಕಾಳುಗಳನ್ನು ಹಾಲಿನಲ್ಲಿ ಸುಮಾರು ಒಂದು ದಿನ ಇಟ್ಟು, ಬಳಿಕ ಸೋಸಿ ತೆಗೆದು ಮತ್ತೆ ಹೊಸ ಹಾಲಿಗೆ ಹಾಕುತ್ತಾರೆ. ಕಾರ್ಖಾನೆಗಳಲ್ಲಿ ಕಾಳುಗಳ ಬದಲು ಸಿದ್ಧ ಹೆಪ್ಪನ್ನು ಬಳಸುವುದೂ ಉಂಟು.

ಮೊಸರಿಗೂ ಕೆಫಿರ್‌ಗೂ ಇರುವ ಮುಖ್ಯ ವ್ಯತ್ಯಾಸ ಯೀಸ್ಟ್‌ಗಳದ್ದು. ಅವುಗಳಿಂದಾಗಿಯೇ ಕೆಫಿರ್‌ನಲ್ಲಿ ತುಸು ನೊರೆ, ವಿಶಿಷ್ಟ ವಾಸನೆ ಮತ್ತು ಅತ್ಯಲ್ಪ ಪ್ರಮಾಣದ ಆಲ್ಕೊಹಾಲ್ ಇರುತ್ತದೆ. ಅಂತರರಾಷ್ಟ್ರೀಯ ಆಹಾರ ಮಾನದಂಡವಾದ ಕೋಡೆಕ್ಸ್ ಪ್ರಕಾರ ಕೆಫಿರ್‌ನಲ್ಲಿ ಕನಿಷ್ಠ ಶೇ 2.7ರಷ್ಟು ಹಾಲಿನ ಪ್ರೋಟೀನ್ ಇರಬೇಕು. ಪ್ರತಿ ಗ್ರಾಂನಲ್ಲಿ ಕನಿಷ್ಠ 1 ಕೋಟಿ ಸೂಕ್ಷ್ಮಜೀವಿಗಳು, 10 ಸಾವಿರ ಯೀಸ್ಟ್‌ಗಳು ಇರಬೇಕು. ಆದರೆ ಸ್ವಾದ ಬೆರೆಸಿದ ಬಗೆಗಳಲ್ಲಿ ಹಾಲಿನದಲ್ಲದ ಪದಾರ್ಥಗಳು ಅರ್ಧದಷ್ಟರವರೆಗೂ ಇರಬಹುದು ಎಂದು ಇದೇ ಮಾನದಂಡ ಅವಕಾಶ ನೀಡುತ್ತದೆ. ಸಿಹಿ ಕೆಫಿರ್ ಕೊಳ್ಳುವವರು ಗಮನಿಸಬೇಕಾದ ಮೊದಲ ಸಂಗತಿ ಇದು.

ಒಂದು ಲೋಟದ ಲೆಕ್ಕ

ಶೇ 3.5ರಷ್ಟು ಕೊಬ್ಬಿರುವ ಹಾಲಿನಿಂದ ತಯಾರಾದ 200 ಮಿಲಿಲೀಟರ್ ಸಾದಾ ಕೆಫಿರ್‌ನಲ್ಲಿ ಸುಮಾರು 6.5 ಗ್ರಾಂ ಪ್ರೋಟೀನ್, 7 ಗ್ರಾಂ ಕೊಬ್ಬು ಹಾಗೂ 120 ಕ್ಯಾಲೊರಿಗಳಷ್ಟು ಶಕ್ತಿ ಇರುತ್ತದೆ. ಕ್ಯಾಲ್ಸಿಯಂ ಸುಮಾರು 240 ಮಿಲಿಗ್ರಾಂ. ವಯಸ್ಕರಿಗೆ ದಿನಕ್ಕೆ 1,000 ಮಿಲಿಗ್ರಾಂ ಕ್ಯಾಲ್ಸಿಯಂ ಬೇಕೆಂದು ಐಸಿಎಂಆರ್ 2020ರಲ್ಲಿ ಸೂಚಿಸಿದೆ. ಅಂದರೆ ಒಂದು ಲೋಟ ಕೆಫಿರ್ ಆ ಅಗತ್ಯದ ಕಾಲುಭಾಗದಷ್ಟನ್ನು ಪೂರೈಸಬಲ್ಲದು. ಇದರ ಜೊತೆಗೆ ರಂಜಕ, ರೈಬೊಫ್ಲೇವಿನ್ ಮತ್ತು ಬಿ12 ಜೀವಸತ್ವಗಳೂ ಲಭಿಸುತ್ತವೆ. ಸಸ್ಯಾಹಾರಿಗಳಿಗೆ ಬಿ12 ದೊರೆಯುವ ಕೆಲವೇ ಮೂಲಗಳಲ್ಲಿ ಹಾಲಿನ ಪದಾರ್ಥಗಳೂ ಸೇರಿವೆ ಎಂಬುದು ಇಲ್ಲಿ ಮುಖ್ಯ. ಆದರೆ ಕಬ್ಬಿಣ ಮತ್ತು ನಾರಿನಂಶಕ್ಕೆ ಕೆಫಿರ್ ಅನ್ನು ನಂಬುವಂತಿಲ್ಲ.

ಇದೇ ಲೋಟಕ್ಕೆ ಎರಡು ಚಮಚ, ಅಂದರೆ ಸುಮಾರು 10 ಗ್ರಾಂ ಸಕ್ಕರೆ ಬೆರೆಸಿದರೆ 40 ಕ್ಯಾಲೊರಿ ಹೆಚ್ಚುತ್ತದೆ. ಪ್ರೋಟೀನ್, ಕ್ಯಾಲ್ಸಿಯಂ, ಜೀವಸತ್ವ ಯಾವುದೂ ಹೆಚ್ಚುವುದಿಲ್ಲ.

ಮನೆಯಲ್ಲಿ ತಯಾರಿಸುವವರು ಇನ್ನೊಂದು ಅಂಶವನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕು. ವಿದೇಶಗಳಲ್ಲಿ ಪೂರ್ಣ ಹಾಲು ಎಂದರೆ ಸಾಮಾನ್ಯವಾಗಿ ಶೇ 3.25ರಿಂದ 3.5ರಷ್ಟು ಕೊಬ್ಬಿನ ಹಾಲು. ನಮ್ಮಲ್ಲಿ ‘ಫುಲ್ ಕ್ರೀಂ’ ಎಂದು ಮಾರುವ ಹಾಲಿನಲ್ಲಿ ಕನಿಷ್ಠ ಶೇ 6ರಷ್ಟು ಕೊಬ್ಬು ಇರಬೇಕೆಂಬುದು ನಿಯಮ. ಹೀಗಾಗಿ ವಿದೇಶಿ ಪಾಕವಿಧಾನವನ್ನು ಅನುಸರಿಸಿ ಈ ಹಾಲಿನಲ್ಲಿ ಕೆಫಿರ್ ಮಾಡಿದರೆ ಲೋಟವೊಂದರಲ್ಲಿ ಕೊಬ್ಬು 12 ಗ್ರಾಂಗೆ ಏರುತ್ತದೆ. ಎರಡು ಚಮಚ ಸಕ್ಕರೆಯೂ ಸೇರಿದರೆ ಒಟ್ಟು ಶಕ್ತಿ 200 ಕ್ಯಾಲೊರಿ ದಾಟುತ್ತದೆ. ವಿದೇಶಿ ಪಾಕಕ್ಕೆ ನಮ್ಮ ಟೋನ್ಡ್ ಹಾಲೇ ಹೆಚ್ಚು ಹತ್ತಿರ. ಅದರಲ್ಲಿರುವ ಕೊಬ್ಬು ಶೇ 3ರಷ್ಟು.

ಸಕ್ಕರೆಯಲ್ಲಿ ಎರಡು ಬಗೆ

ಬಾಟಲಿಯ ಮೇಲಿನ ‘ಒಟ್ಟು ಸಕ್ಕರೆ’ ಎಂಬ ಅಂಕಿಯಲ್ಲಿ ಎರಡು ಬಗೆಯ ಸಕ್ಕರೆಗಳು ಸೇರಿರುತ್ತವೆ. ಮೊದಲನೆಯದು ಹಾಲಿನಲ್ಲೇ ಇರುವ ಲ್ಯಾಕ್ಟೋಸ್. ಹಾಲು ಹುದುಗುವಾಗ ಸೂಕ್ಷ್ಮಜೀವಿಗಳು ಇದರಲ್ಲಿ ಒಂದಷ್ಟನ್ನು ಬಳಸಿಕೊಳ್ಳುತ್ತವೆ. ಎರಡನೆಯದು ಹೊರಗಿನಿಂದ ಬೆರೆಸಿದ್ದು. ಆತಂಕಕ್ಕೆ ಕಾರಣ ಎರಡನೆಯದೇ.

ಇಂತಹ ಸಕ್ಕರೆಯ ಪ್ರಮಾಣ ದಿನದ ಒಟ್ಟು ಶಕ್ತಿಯ ಶೇ 10ಕ್ಕಿಂತ ಕಡಿಮೆಯಿರಬೇಕು, ಶೇ 5ಕ್ಕಿಂತ ಕಡಿಮೆಯಾದರೆ ಇನ್ನೂ ಒಳಿತು ಎಂದು ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೇಳಿದೆ. ದಿನಕ್ಕೆ 2,000 ಕ್ಯಾಲೊರಿ ಸೇವಿಸುವವರಿಗೆ ಈ ಶೇ 5 ಎಂದರೆ 25 ಗ್ರಾಂ. 100 ಮಿಲಿಲೀಟರ್‌ಗೆ 6 ಗ್ರಾಂ ಸಕ್ಕರೆ ಬೆರೆಸಿದ ಕೆಫಿರ್ ಅನ್ನು ಒಂದು ಲೋಟ ಕುಡಿದರೆ ಅದರಲ್ಲೇ 12 ಗ್ರಾಂ ಮುಗಿಯುತ್ತದೆ. ಬೆಳಗಿನ ಕಾಫಿ, ಸಂಜೆಯ ಚಹಾ, ಬಿಸ್ಕತ್ತುಗಳ ಲೆಕ್ಕ ಬೇರೆ. ಜೇನುತುಪ್ಪ ಅಥವಾ ಬೆಲ್ಲ ಬೆರೆಸಿದರೂ ಈ ಲೆಕ್ಕ ಹೆಚ್ಚು ಬದಲಾಗುವುದಿಲ್ಲ.

ಹೊಟ್ಟೆಗೆ ಹಿತವೆಂಬುದು ನಿಜವೇ?

ಹಾಲು ಕುಡಿದರೆ ಹೊಟ್ಟೆ ಉಬ್ಬರಿಸುವವರಿಗೆ ಕೆಫಿರ್ ನೆರವಾಗಬಲ್ಲದು ಎಂಬುದಕ್ಕೆ ಆಧಾರವಿದೆ. ಲ್ಯಾಕ್ಟೋಸ್ ಸರಿಯಾಗಿ ಜೀರ್ಣವಾಗದ 15 ವಯಸ್ಕರ ಮೇಲೆ ಅಮೆರಿಕದಲ್ಲಿ ನಡೆದ ಅಧ್ಯಯನವೊಂದು 2003ರಲ್ಲಿ ಪ್ರಕಟವಾಯಿತು. ಹಾಲಿಗೆ ಹೋಲಿಸಿದರೆ ಮೊಸರು ಮತ್ತು ಕೆಫಿರ್ ಎರಡರಿಂದಲೂ ವಾಯುಬಾಧೆ ಅರ್ಧಕ್ಕಿಂತ ಹೆಚ್ಚು ತಗ್ಗಿತ್ತು. ಲ್ಯಾಕ್ಟೋಸ್ ಜೀರ್ಣವಾಗುವುದರಲ್ಲಿ ಸಾದಾ ಕೆಫಿರ್ ಮೊಸರಿಗೆ ಸಮೀಪವಿತ್ತು. ಸ್ವಾದ ಬೆರೆಸಿದ ಕೆಫಿರ್‌ನ ಫಲಿತಾಂಶ ಮಾತ್ರ ಹಾಲು ಮತ್ತು ಮೊಸರಿನ ನಡುವೆ ನಿಂತಿತು. ಅಧ್ಯಯನ ಚಿಕ್ಕದು. ಆದರೂ ನಿತ್ಯ ಮನೆಯ ಮೊಸರು ಉಣ್ಣುವವರು ಕೆಫಿರ್ ಇಲ್ಲದೆ ಏನನ್ನೋ ಕಳೆದುಕೊಳ್ಳುತ್ತಿದ್ದೇವೆಂದು ಭಾವಿಸಬೇಕಿಲ್ಲ ಎಂಬುದನ್ನು ಇದು ಸೂಚಿಸುತ್ತದೆ.

ಹುದುಗಿಸಿದ ಬಳಿಕ ಬಿಸಿ ಮಾಡಿ ಸಂಸ್ಕರಿಸಿದ ಕೆಫಿರ್‌ನಲ್ಲಿ ಜೀವಂತ ಸೂಕ್ಷ್ಮಜೀವಿಗಳನ್ನು ನಿರೀಕ್ಷಿಸಲಾಗದು. ಕೆಫಿರ್ ಮಧುಮೇಹವನ್ನು ಗುಣಪಡಿಸುತ್ತದೆ ಎಂಬ ಪ್ರಚಾರವನ್ನು ನಂಬಿ ಔಷಧಿ ನಿಲ್ಲಿಸುವುದು ಅಪಾಯಕಾರಿ.

ಕೊಳ್ಳುವ ಮುನ್ನ

ಭಾರತೀಯ ಆಹಾರ ಸುರಕ್ಷತೆ ಮತ್ತು ಮಾನದಂಡಗಳ ಪ್ರಾಧಿಕಾರದ 2020ರ ನಿಯಮಾವಳಿಯಂತೆ ಪೊಟ್ಟಣದ ಮೇಲೆ ಒಟ್ಟು ಸಕ್ಕರೆ ಮತ್ತು ಸೇರಿಸಿದ ಸಕ್ಕರೆಯನ್ನು ಪ್ರತ್ಯೇಕವಾಗಿ ನಮೂದಿಸಬೇಕು. ಕೊಳ್ಳುವವರು ನೋಡಬೇಕಾದುದು ಎರಡನೆಯ ಅಂಕಿಯನ್ನು. ಅದು 100 ಮಿಲಿಲೀಟರ್‌ಗೋ ಇಡೀ ಬಾಟಲಿಗೋ ಎಂಬುದನ್ನೂ ಗಮನಿಸಬೇಕು.

ಮಧುಮೇಹಿಗಳು ಸಾದಾ ಕೆಫಿರ್ ಅನ್ನೇ ಆರಿಸಿಕೊಳ್ಳುವುದು ಲೇಸು. ರೋಗನಿರೋಧಕ ಶಕ್ತಿ ಕುಂದಿದವರು ಮತ್ತು ಗರ್ಭಿಣಿಯರು ವೈದ್ಯರ ಸಲಹೆ ಪಡೆಯಬೇಕು. ಹಾಲಿನ ಪ್ರೋಟೀನಿನ ಅಲರ್ಜಿ ಇರುವವರಿಗೆ ಕೆಫಿರ್ ಸಲ್ಲದು. ಹುಳಿ ಸಹಿಸದವರು ಸಾದಾ ಕೆಫಿರ್‌ಗೆ ಕಳಿತ ಬಾಳೆಹಣ್ಣನ್ನೋ ಮಾವನ್ನೋ ಹಿಸುಕಿ ಹಾಕಿಕೊಂಡರೆ ಸಿಹಿಯ ಜೊತೆಗೆ ನಾರಿನಂಶವೂ ದೊರೆಯುತ್ತದೆ. ಸಿಹಿ ಕೆಫಿರ್ ಇಷ್ಟವಾದವರು ಅದನ್ನು ಅಪರೂಪಕ್ಕೊಮ್ಮೆ ಕುಡಿಯುವ ಲಸ್ಸಿಯಂತೆ ಕಾಣಬಹುದು. ಔಷಧಿಯೆಂದು ಭಾವಿಸಿ ಪ್ರತಿದಿನ ಕುಡಿಯುವುದು ಮಾತ್ರ ಸರಿಯಲ್ಲ. ಬೆಳ್ಳಗಿರುವುದೆಲ್ಲ ಹಾಲಲ್ಲ ಎಂದು ಹಿರಿಯರು ಎಚ್ಚರಿಸಿದ್ದಾರೆ. ಇಲ್ಲಿ ಹಾಲೇನೋ ನಿಜವಾದದ್ದೇ. ಅದರೊಳಗೆ ಕರಗಿರುವ ಸಕ್ಕರೆ ಕಣ್ಣಿಗೆ ಕಾಣುವುದಿಲ್ಲ, ಅಷ್ಟೇ.