ವ್ಯವಹಾರಕ್ಕೆ ಮುನ್ನ ಪೂರ್ವಾಪರ ಪರಿಶೀಲನೆ: ಸಾಮಾಜಿಕ ಜಾಲತಾಣದ ಮಾಹಿತಿಯ ಬಳಕೆ ಮತ್ತು ಮಿತಿ

ಸ್ವಸಹಾಯ ಸಂಘಗಳು ತಯಾರಿಸುವ ರೊಟ್ಟಿ, ಚಟ್ನಿಪುಡಿ, ಉಪ್ಪಿನಕಾಯಿ, ಕೈಮಗ್ಗದ ಬಟ್ಟೆ ಮೊದಲಾದ ಉತ್ಪನ್ನಗಳಿಗೆ ಇಂದು ಫೇಸ್‌ಬುಕ್, ಇನ್‌ಸ್ಟಾಗ್ರಾಂ ಮತ್ತು ವಾಟ್ಸ್‌ಆ್ಯಪ್ ಮೂಲಕ ದೂರದ ಊರುಗಳಿಂದಲೂ ಬೇಡಿಕೆ ಬರುತ್ತಿದೆ. ಯಂತ್ರೋಪಕರಣ ಹಾಗೂ ಕಚ್ಚಾ ಸಾಮಗ್ರಿಯ ಮಾರಾಟಗಾರರೂ ಇದೇ ಮಾರ್ಗದಲ್ಲಿ ಸಂಘಗಳನ್ನು ಸಂಪರ್ಕಿಸುತ್ತಾರೆ. ಇಂತಹ ವ್ಯವಹಾರದಲ್ಲಿ ತೊಡಗಿಸುವ ಹಣವು ಸದಸ್ಯೆಯರ ಉಳಿತಾಯ ಹಾಗೂ ಬ್ಯಾಂಕ್ ಸಾಲದ್ದಾಗಿರುತ್ತದೆ. ಮೋಸಹೋದಲ್ಲಿ ಸರಕು ಕೈತಪ್ಪಿದರೂ ಸಾಲದ ಕಂತು ತಪ್ಪುವುದಿಲ್ಲ. ಆದುದರಿಂದ ಎದುರು ಪಕ್ಷದ ಪೂರ್ವಾಪರವನ್ನು ಮೊದಲೇ ಪರಿಶೀಲಿಸುವುದು ಅವಶ್ಯಕ.

ಅಧಿಕೃತ ದಾಖಲೆಯೇ ಆಧಾರ

ಸಾಮಾಜಿಕ ಜಾಲತಾಣದ ಪುಟವೆಂದರೆ ವ್ಯಾಪಾರಿಯು ತನ್ನ ಬಗ್ಗೆ ತಾನೇ ಹೇಳಿಕೊಂಡ ಮಾತು. ಅದನ್ನು ಅಳೆಯಲು ಬೇರೊಂದು ಆಧಾರ ಬೇಕು. ಜಿಎಸ್‌ಟಿ ಜಾಲತಾಣದಲ್ಲಿ ನೋಂದಣಿ ಸಂಖ್ಯೆಯನ್ನು ನಮೂದಿಸಿದರೆ ವ್ಯಾಪಾರಿಯ ಕಾನೂನುಬದ್ಧ ಹೆಸರು, ನೋಂದಣಿಯ ದಿನಾಂಕ ಹಾಗೂ ನೋಂದಣಿ ಚಾಲ್ತಿಯಲ್ಲಿದೆಯೇ ಅಥವಾ ರದ್ದಾಗಿದೆಯೇ ಎಂಬುದು ಶುಲ್ಕವಿಲ್ಲದೆ ತಿಳಿಯುತ್ತದೆ. ಈ ಸಂಖ್ಯೆಯಲ್ಲಿ 15 ಅಕ್ಷರಾಂಕಗಳಿರುತ್ತವೆ. ಮೊದಲ ಎರಡು ಅಂಕಿಗಳು ರಾಜ್ಯದ ಸಂಕೇತ, ಕರ್ನಾಟಕಕ್ಕೆ 29. ನಂತರದ 10 ಅಕ್ಷರಾಂಕಗಳು ಪ್ಯಾನ್ ಸಂಖ್ಯೆ. ಪ್ಯಾನ್‌ನ ನಾಲ್ಕನೆಯ ಅಕ್ಷರ ‘ಸಿ’ ಆಗಿದ್ದರೆ ಕಂಪನಿ, ‘ಎಫ್’ ಆಗಿದ್ದರೆ ಪಾಲುದಾರಿಕೆ ಸಂಸ್ಥೆ, ‘ಪಿ’ ಆಗಿದ್ದರೆ ವ್ಯಕ್ತಿ. ‘ನಮ್ಮದು ಪ್ರೈವೇಟ್ ಲಿಮಿಟೆಡ್ ಕಂಪನಿ’ ಎನ್ನುವವರ ಸಂಖ್ಯೆಯಲ್ಲಿ ‘ಪಿ’ ಕಂಡುಬಂದರೆ ವಿವರಣೆ ಕೇಳಬೇಕು. ಸಣ್ಣ ವ್ಯಾಪಾರಿಗಳಿಗೆ ಜಿಎಸ್‌ಟಿ ನೋಂದಣಿ ಕಡ್ಡಾಯವಲ್ಲದಿರಬಹುದು. ನೋಂದಣಿ ಇಲ್ಲವೆಂಬುದೇ ದೋಷವಲ್ಲ.

ಜಾಲತಾಣದಲ್ಲಿ ಗಮನಿಸಬೇಕಾದುದು

1. ಪುಟದ ವಯಸ್ಸು: ಫೇಸ್‌ಬುಕ್ ಪುಟದ ‘ಪಾರದರ್ಶಕತೆ’ ವಿಭಾಗದಲ್ಲಿ ಪುಟ ಆರಂಭವಾದ ದಿನಾಂಕ ಮತ್ತು ಹಿಂದಿನ ಹೆಸರುಗಳು ದೊರೆಯುತ್ತವೆ. ‘20 ವರ್ಷಗಳ ಅನುಭವ’ ಎಂದು ಬರೆದ ಪುಟ ಕಳೆದ ತಿಂಗಳು ಬೇರೆ ಹೆಸರಿನಲ್ಲಿದ್ದರೆ ಎಚ್ಚರ ವಹಿಸಬೇಕು.
2. ಹೊಂದಾಣಿಕೆ: ಪುಟದಲ್ಲಿರುವ ಹೆಸರು ಹಾಗೂ ವಿಳಾಸವು ಅಧಿಕೃತ ದಾಖಲೆಯೊಂದಿಗೆ ತಾಳೆಯಾಗಬೇಕು. ಹಣ ಕೇಳುವ ಬ್ಯಾಂಕ್ ಖಾತೆಯೂ ಅದೇ ಹೆಸರಿನಲ್ಲಿರಬೇಕು.
3. ಛಾಯಾಚಿತ್ರ: ಕಾರ್ಖಾನೆ, ಮಳಿಗೆಯ ಚಿತ್ರಗಳನ್ನು ಗೂಗಲ್ ಲೆನ್ಸ್‌ನಲ್ಲಿ ಹುಡುಕಿದರೆ ಬೇರೆಯವರಿಂದ ಎರವಲು ಪಡೆದ ಚಿತ್ರಗಳು ಸಾಮಾನ್ಯವಾಗಿ ಬಯಲಾಗುತ್ತವೆ.
4. ಗ್ರಾಹಕರ ಮಾತು: ಒಂದೇ ದಿನ, ಒಂದೇ ಧಾಟಿಯಲ್ಲಿ ಬಂದ ಹೊಗಳಿಕೆಗೆ ಬೆಲೆ ಕಡಿಮೆ. ಸರಕು ತಲುಪಲಿಲ್ಲವೆಂಬ ದೂರಿಗೆ ವ್ಯಾಪಾರಿ ಹೇಗೆ ಉತ್ತರಿಸಿದ್ದಾನೆ ಎಂಬುದಕ್ಕೆ ಬೆಲೆ ಹೆಚ್ಚು.

ಮೀರಬಾರದ ಎಲ್ಲೆ

ಒಂದೇ ಹೆಸರಿನ ಅನೇಕರಿರುತ್ತಾರೆ. ಪ್ರತಿಸ್ಪರ್ಧಿಗಳು ಸುಳ್ಳು ದೂರು ಬರೆಯುವುದೂ ಉಂಟು. ಪ್ರತಿಕೂಲ ಮಾಹಿತಿ ದೊರೆತಲ್ಲಿ ಸಂಬಂಧಪಟ್ಟವರಿಗೆ ಉತ್ತರಿಸಲು ಅವಕಾಶ ನೀಡದೆ ತೀರ್ಮಾನಿಸಬಾರದು. ವ್ಯಾಪಾರಕ್ಕೆ ಸಂಬಂಧಿಸದ ಜಾತಿ, ಧರ್ಮ, ರಾಜಕೀಯ ನಿಲುವು, ಕುಟುಂಬದ ವಿಷಯಗಳನ್ನು ಕೆದಕುವುದಾಗಲಿ, ಸುಳ್ಳು ಖಾತೆಯಿಂದ ಸ್ನೇಹ ಬೆಳೆಸಿ ಖಾಸಗಿ ವಿವರ ಪಡೆಯುವುದಾಗಲಿ ಸಲ್ಲದು. ಕರ್ನಾಟಕ ಉಚ್ಚ ನ್ಯಾಯಾಲಯದ ನಿವೃತ್ತ ನ್ಯಾಯಮೂರ್ತಿ ಕೆ.ಎಸ್. ಪುಟ್ಟಸ್ವಾಮಿ ಅವರ ಪ್ರಕರಣದಲ್ಲಿ ಸರ್ವೋಚ್ಚ ನ್ಯಾಯಾಲಯವು 2017ರಲ್ಲಿ ಖಾಸಗಿತನವನ್ನು ಮೂಲಭೂತ ಹಕ್ಕೆಂದು ಎತ್ತಿಹಿಡಿದಿದೆ.

ಗ್ರಾಮ ಪಂಚಾಯತಿಗಳ ಟೆಂಡರ್ ವ್ಯವಹಾರವು ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಅಧಿನಿಯಮ, 1999ಕ್ಕೆ ಒಳಪಟ್ಟಿರುತ್ತದೆ. ಟೆಂಡರ್ ದಾಖಲೆಯಲ್ಲಿ ನಮೂದಿಸಿದ ಮಾನದಂಡಗಳ ಮೇಲೆಯೇ ಮೌಲ್ಯಮಾಪನ ನಡೆಯಬೇಕು. ಜಾಲತಾಣದಲ್ಲಿ ಕಂಡ ಮಾತಿನ ಆಧಾರದಿಂದ ಬಿಡ್‌ದಾರರನ್ನು ತಿರಸ್ಕರಿಸುವಂತಿಲ್ಲ. ಅವರು ಸಲ್ಲಿಸಿದ ದಾಖಲೆಗಳ ನೈಜತೆಯನ್ನು ಅವುಗಳನ್ನು ನೀಡಿದ ಕಚೇರಿಯಿಂದಲೇ ಖಚಿತಪಡಿಸಿಕೊಳ್ಳತಕ್ಕದ್ದು.

ಪರಿಶೀಲನೆಯ ನಂತರ

ನೋಡಿದ ಪುಟ, ದಿನಾಂಕ ಹಾಗೂ ಪರದೆಯ ಚಿತ್ರವನ್ನು ಸಂಘದ ನಡಾವಳಿಯೊಂದಿಗೆ ಇರಿಸುವುದು ಒಳಿತು. ಸಂಶಯ ಉಳಿದಲ್ಲಿ ಸಣ್ಣ ಪ್ರಮಾಣದ ಸರಕಿನಿಂದ ಆರಂಭಿಸಿ, ಹಣ ಖಾತೆಗೆ ಜಮೆಯಾದ ನಂತರವೇ ಮುಂದುವರಿಯಬೇಕು. ಯುಪಿಐನಲ್ಲಿ ಹಣ ಪಡೆಯಲು ಪಿನ್ ನಮೂದಿಸುವ ಅಗತ್ಯವಿಲ್ಲ ಎಂಬುದು ಪ್ರತಿ ಸದಸ್ಯೆಗೂ ತಿಳಿದಿರಲಿ. ವಂಚನೆ ನಡೆದಲ್ಲಿ ಸಂಕೋಚಪಡದೆ ಕೂಡಲೇ 1930 ಸಹಾಯವಾಣಿಗೆ ಕರೆಮಾಡಿ, ಬ್ಯಾಂಕಿಗೂ ತಿಳಿಸತಕ್ಕದ್ದು. ದೂರು ಬೇಗ ದಾಖಲಾದಷ್ಟೂ ಹಣವನ್ನು ತಡೆಹಿಡಿಯುವ ಸಾಧ್ಯತೆ ಹೆಚ್ಚು.